ಅಗ್ರಹಾರದ ಹಳೆಯ ಮನೆಯೋ, ಬೋಗಾದಿ ರಿಂಗ್ ರಸ್ತೆಯಾಚೆಯ ಹೊಸ ಮನೆಯೋ?

ಪ್ರಶ್ನೆ: ಸರಸ್ವತಿಪುರಂ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗಿರುವ ನಾವು, ಈ ವರ್ಷ ಹೇಗಾದರೂ ಸ್ವಂತ ಮನೆ ಮಾಡಿಕೊಳ್ಳಬೇಕೆಂದು ಹಟ ತೊಟ್ಟು, ಯುಗಾದಿಯಿಂದ ಈಚೆಗೆ ಇಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ನೋಡಿ ಕೊನೆಗೆ ಎರಡರ ಮುಂದೆ ಬಂದು ನಿಂತಿದ್ದೇವೆ. ಎರಡಕ್ಕೂ ಹೇಳುತ್ತಿರುವ ಬೆಲೆ ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿದೆ. ಬೆಲೆಯೊಂದನ್ನು ಬಿಟ್ಟರೆ ಈ ಎರಡು ಮನೆಗಳಿಗೆ ಹೋಲಿಕೆಯೇ ಇಲ್ಲ. ನನ್ನ ಗೊಂದಲ ಹುಟ್ಟಿರುವುದೂ ಅಲ್ಲಿಯೇ.

ಮೊದಲನೆಯದು ಅಗ್ರಹಾರದಲ್ಲಿ, ನೂರೊಂದು ಗಣಪತಿ ದೇವಸ್ಥಾನದಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಮನೆ. ನಿವೇಶನ 25 ಅಡಿ ಅಗಲ, 60 ಅಡಿ ಉದ್ದ. ಮುಂದೆ ಜಗುಲಿ, ಒಳಗೆ ನಡುಮನೆ, ತೇಗದ ತೊಲೆಗಳ ಮೇಲೆ ಮದ್ರಾಸ್ ತಾರಸಿ, ಹಿಂದೆ ಬಚ್ಚಲುಮನೆ ಮತ್ತು ಒಂದು ಕರಿಬೇವಿನ ಗಿಡವಿರುವ ಹಿತ್ತಿಲು. ಹಿತ್ತಿಲ ಬಾಗಿಲು ಕನ್ಸರ್ವೆನ್ಸಿ ಗಲ್ಲಿಗೆ ತೆರೆಯುತ್ತದೆ. ಯಜಮಾನರು ತೀರಿಕೊಂಡಿದ್ದಾರೆ. ಇಬ್ಬರು ಗಂಡುಮಕ್ಕಳು ಮಾರಾಟದ ಮಾತನಾಡುತ್ತಿದ್ದಾರೆ. ಮೂವರು ಹೆಣ್ಣುಮಕ್ಕಳು ಬೇರೆ ಊರುಗಳಲ್ಲಿದ್ದಾರೆ.

ಎರಡನೆಯದು ಬೋಗಾದಿ ರಸ್ತೆಯಲ್ಲಿ ರಿಂಗ್ ರಸ್ತೆ ದಾಟಿದ ಮೇಲೆ ಸಿಗುವ ಖಾಸಗಿ ಬಡಾವಣೆಯೊಂದರಲ್ಲಿ 30x40 ನಿವೇಶನದಲ್ಲಿ ಕಟ್ಟಿರುವ ಹೊಸ ಡ್ಯೂಪ್ಲೆಕ್ಸ್. ಹದಿನೇಳು ಚದರ, ಮೂರು ಮಲಗುವ ಕೋಣೆ, ಕಾರು ನಿಲ್ಲಿಸಲು ಜಾಗ, ಮೇಲೆ ಸೋಲಾರ್. ಪಕ್ಕದ ನಾಲ್ಕು ನಿವೇಶನಗಳು ಖಾಲಿ ಬಿದ್ದಿವೆ.

ನಾನು ಕೆಲಸಕ್ಕೆ ಹೋಗುವುದು ಹೆಬ್ಬಾಳು ಕೈಗಾರಿಕಾ ಪ್ರದೇಶಕ್ಕೆ, ನನ್ನ ಹೆಂಡತಿ ಹೋಗುವುದು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ. ನಮ್ಮ ಜೊತೆಯಲ್ಲಿರುವ ಅಮ್ಮನಿಗೆ ಎಪ್ಪತ್ತೆರಡು. ಅವರು ಹುಟ್ಟಿ ಬೆಳೆದದ್ದು ಅಗ್ರಹಾರದಲ್ಲಿಯೇ ಆದ್ದರಿಂದ ಅವರ ಮತ ಯಾವ ಕಡೆಗೆಂದು ಹೇಳಬೇಕಾಗಿಲ್ಲ. ಆದರೆ ನಾನು ಕೇಳುತ್ತಿರುವುದು ಭಾವನೆಯ ಪ್ರಶ್ನೆಯಲ್ಲ. ಅರಮನೆಗೆ ನಡೆದು ಹೋಗಬಹುದಾದ ಜಾಗಕ್ಕೂ ಊರಾಚೆಯ ಬಡಾವಣೆಗೂ ಒಂದೇ ಬೆಲೆ ಹೇಗೆ ಬಂತು? ಹತ್ತು ವರ್ಷದ ನಂತರ ಮಾರಬೇಕಾಗಿ ಬಂದರೆ ಯಾವುದು ಸುಲಭವಾಗಿ ಮಾರಾಟವಾಗುತ್ತದೆ? ಬ್ಯಾಂಕು ಇವೆರಡನ್ನು ಹೇಗೆ ನೋಡುತ್ತದೆ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಸಾಲ ವಿಭಾಗ

ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಬಹಳ ವರ್ಷ ಕುಳಿತು ಎದ್ದವನಾದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಬೆಲೆ ಒಂದೇ ಎಂದಿರಿ. ಆದರೆ ನೀವು ಕೊಳ್ಳುತ್ತಿರುವ ವಸ್ತು ಒಂದೇ ಅಲ್ಲ. ಅಗ್ರಹಾರದಲ್ಲಿ ಮಾರುವವರು ಹೇಳುತ್ತಿರುವುದು ಬರಿಯ ನೆಲದ ಬೆಲೆಯನ್ನು. 1,500 ಚದರಡಿಗೆ ಒಂದು ಕೋಟಿ ಎಂದರೆ ಚದರಡಿಗೆ ಸುಮಾರು 6,670 ರೂಪಾಯಿ ಆಯಿತು, ಮೇಲಿನ ಮನೆಗೆ ಅವರು ಲೆಕ್ಕದಲ್ಲಿ ಏನನ್ನೂ ಇಟ್ಟಿಲ್ಲ. ಬೋಗಾದಿಯದರಲ್ಲಿ ಹದಿನೇಳು ಚದರ ಎಂದರೆ 1,700 ಚದರಡಿ ಕಟ್ಟಡ. ಕಟ್ಟುವ ಖರ್ಚನ್ನು ಚದರಡಿಗೆ 2,000 ರೂಪಾಯಿ ಎಂದು ಹಿಡಿದರೂ 34 ಲಕ್ಷ ಗೋಡೆ, ಸೂರು, ಟೈಲ್ಸುಗಳಿಗೇ ಹೋಯಿತು. ಉಳಿದ 66 ಲಕ್ಷವನ್ನು 1,200 ಚದರಡಿಗೆ ಹಂಚಿದರೆ ನೆಲದ ಬೆಲೆ 5,500 ರೂಪಾಯಿಗೆ ನಿಲ್ಲುತ್ತದೆ. ನೆಲ ಹಳತಾಗುವುದಿಲ್ಲ, ಕಟ್ಟಡ ಹಳತಾಗುತ್ತದೆ. ಹತ್ತು ವರ್ಷದ ನಂತರ ನಿಮ್ಮ ಡ್ಯೂಪ್ಲೆಕ್ಸ್ ಹತ್ತು ವರ್ಷದ ಹಳೆಯ ಡ್ಯೂಪ್ಲೆಕ್ಸ್ ಆಗಿರುತ್ತದೆ, ಅಗ್ರಹಾರದ ಮನೆಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ.

ಆದರೆ ಇದೇ ಕಾರಣಕ್ಕೆ ಬ್ಯಾಂಕು ಅಗ್ರಹಾರದ ಮನೆಯನ್ನು ಕಂಡು ಹಿಂದೆ ಮುಂದೆ ನೋಡುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲವನ್ನು ಮನೆಯ ಮೌಲ್ಯದ ಶೇ 90ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲವನ್ನು ಶೇ 80ರವರೆಗೆ, ಅದಕ್ಕೂ ಮೇಲಿನ ಸಾಲವನ್ನು ಶೇ 75ರವರೆಗೆ ಕೊಡಬಹುದು. ಮೌಲ್ಯವೆಂದರೆ ನೀವು ಕೊಡುವ ಬೆಲೆಯಲ್ಲ, ಬ್ಯಾಂಕಿನ ಮೌಲ್ಯಮಾಪಕರು ಬರೆದುಕೊಡುವ ಅಂಕಿ. ನೆಲವೂ ಸೇರಿ ಹಳೆಯ ಮನೆಯನ್ನು ಅವರು 85 ಲಕ್ಷಕ್ಕೆ ಬರೆದರೆಂದುಕೊಳ್ಳಿ, ನಿಮಗೆ ಸಿಗುವುದು ಹೆಚ್ಚೆಂದರೆ 68 ಲಕ್ಷ. ಮೇಲಾಗಿ ಕಟ್ಟಡ ಇನ್ನೆಷ್ಟು ವರ್ಷ ನಿಲ್ಲುತ್ತದೆ ಎಂಬ ಇಂಜಿನಿಯರ ಪ್ರಮಾಣಪತ್ರವನ್ನೂ ಕೇಳುತ್ತಾರೆ, ಏಕೆಂದರೆ ಸಾಲದ ಅವಧಿ ಮುಗಿಯುವ ಮೊದಲೇ ಅಡಮಾನದ ಮನೆ ಬಿದ್ದುಹೋಗಬಾರದಲ್ಲ.

ಇದರ ಮೇಲೆ ನೋಂದಣಿಯ ಖರ್ಚಿದೆ. ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಶೇ 10 ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ 2 ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಒಂದು ಕೋಟಿಗೆ ಒಟ್ಟು 7.6 ಲಕ್ಷ, ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಬೆಲೆ 50 ಲಕ್ಷ ಮೀರಿದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲಿಯೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು ಎಂಬುದನ್ನು ಕೊನೆಯ ದಿನ ನೆನಪಿಸಿಕೊಂಡು ಒದ್ದಾಡುವವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಆ ಮೂವರು ಹೆಣ್ಣುಮಕ್ಕಳ ವಿಷಯ. ನಿಮ್ಮ ಪತ್ರದಲ್ಲಿ ಬಹಳ ಹಗುರವಾಗಿ ಬಂದುಹೋದ ಆ ವಾಕ್ಯವೇ ಇಡೀ ವ್ಯವಹಾರದ ಗಂಟು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲಿದೆ. ತಂದೆ ಆ ದಿನಾಂಕಕ್ಕೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಮನೆ ತಂದೆಯ ಸ್ವಯಾರ್ಜಿತವಾಗಿದ್ದು ಅವರು ವಿಲ್ ಬರೆಯದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳು ವಾರಸುದಾರರೇ. ಆದ್ದರಿಂದ ಅಣ್ಣಂದಿರು ‘ನಮ್ಮ ತಂಗಿಯರು ಏನೂ ಅನ್ನುವುದಿಲ್ಲ’ ಎಂದರೆ ಸಾಲದು; ಮೂವರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮೊದಲೇ ಕೈಗೆ ಬರಬೇಕು. ಅದು ಬಾರದೆ ಮುಂಗಡ ಕೊಡಬೇಡಿ.

ಉತ್ತರ: ಸುಣ್ಣಗಾರೆ

ಹಳೆಯ ಮನೆಗಳ ದುರಸ್ತಿಯೇ ನನ್ನ ಕಸುಬು. ಹಿರಿಯರು ಮನೆಯ ಮೌಲ್ಯವನ್ನು ಸೊನ್ನೆ ಎಂದದ್ದನ್ನು ನಾನು ಪೂರ್ತಿ ಒಪ್ಪಲಾರೆ. ಕೆಲವು ಮನೆಗಳ ಮೌಲ್ಯ ಸೊನ್ನೆಗಿಂತ ಹೆಚ್ಚು, ಕೆಲವದ್ದು ಸೊನ್ನೆಗಿಂತಲೂ ಕಡಿಮೆ.

ಮದ್ರಾಸ್ ತಾರಸಿ ಎಂದರೆ ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಕೂರಿಸಿದ ತೆಳುವಾದ ಇಟ್ಟಿಗೆ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಹಾಸು. ಈ ಕಟ್ಟಡಗಳು ಉಸಿರಾಡುತ್ತವೆ; ಗೋಡೆಗೆ ಹೊಕ್ಕ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ. ತೊಂದರೆ ಶುರುವಾಗುವುದು ಈಚಿನ ಮಾಲೀಕರು ಸೋರಿಕೆ ನಿಲ್ಲಿಸಲೆಂದು ಮೇಲೆ ಸಿಮೆಂಟು ಬಳಿದು, ಒಳಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದಾಗ. ತೇವ ಒಳಗೇ ಸಿಕ್ಕಿಕೊಂಡು, ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಯಾರಿಗೂ ಕಾಣದಂತೆ ಕೊಳೆಯುತ್ತದೆ. ನಡುಮನೆಯಲ್ಲಿ ನಿಂತು ನೋಡಿದರೆ ತೊಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿರುತ್ತದೆ. ನೀವು ಏಣಿ ಹಾಕಿ, ತೊಲೆ ಗೋಡೆಯನ್ನು ಸೇರುವ ಜಾಗದಲ್ಲಿ ಬೀಗದಕೈಯಿಂದ ತಟ್ಟಿ ನೋಡಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಬೀಗದಕೈಯ ತುದಿ ಒಳಗಿಳಿದರೆ ಆ ತೊಲೆಯನ್ನು ಬದಲಿಸಬೇಕು. ತಾರಸಿಯ ಮೇಲೆ ಸಾವಿರ ಲೀಟರಿನ ಟ್ಯಾಂಕು ಇಟ್ಟಿದ್ದಾರೆಯೇ ಎಂದೂ ನೋಡಿ; ತುಂಬಿದ ಟ್ಯಾಂಕು ಒಂದು ಟನ್ ಭಾರ, ಆ ಜಂತೆಗಳನ್ನು ಹಾಕಿದವರು ಅದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದುದನ್ನು ಈ ಊರಿನವರು ಮರೆತಿಲ್ಲ. ಎರಡೂ ನಡೆದದ್ದು ಆಗಸ್ಟ್ ತಿಂಗಳಲ್ಲಿ, ಮಳೆಗಾಲದಲ್ಲಿ.

‘ಕೆಡವಿ ಹೊಸದು ಕಟ್ಟಿದರಾಯಿತು’ ಎಂದು ದಲ್ಲಾಳಿ ಹೇಳುತ್ತಾನೆ. ಕೆಡವುವುದು ಸುಲಭ. ಹಳೆಯ ಮನೆ ನಿವೇಶನದ ಅಂಚಿನಿಂದ ಅಂಚಿಗೆ ಕಟ್ಟಿದ್ದು, ಪಕ್ಕದ ಮನೆಯ ಜೊತೆ ಜಂಟಿ ಗೋಡೆ ಇರುವುದೂ ಉಂಟು. ಹೊಸದಾಗಿ ನಕ್ಷೆ ಮಂಜೂರು ಮಾಡಿಸಿದರೆ ಈಗಿನ ನಿಯಮದಂತೆ ಸುತ್ತ ಜಾಗ ಬಿಡಬೇಕು. ಎರಡೂ ಬದಿಗೆ ಮೂರು ಮೂರು ಅಡಿ ಬಿಡಬೇಕಾಗಿ ಬಂದರೂ ನಿಮ್ಮ 25 ಅಡಿಯಲ್ಲಿ ಉಳಿಯುವುದು 19. ಅದರಲ್ಲಿ ಕಾರಿಗೆ ಜಾಗ ತೆಗೆದರೆ ಮುಂದಿನ ಕೋಣೆ ಓಣಿಯಾಗುತ್ತದೆ. ಆದ್ದರಿಂದ ಹಳೆಯ ಗೋಡೆಗಳಿಗೆ ಬೆಲೆಯಿಲ್ಲ ಎನ್ನುವುದು ತಪ್ಪು. ಅವು ನಿಂತಿರುವ ಜಾಗದ ಹಕ್ಕೇ ಅವುಗಳ ಬೆಲೆ. ಮನೆ ಪಾರಂಪರಿಕ ಪಟ್ಟಿಯಲ್ಲಿದೆಯೇ ಎಂಬುದನ್ನೂ ಕೆಡವುವ ಮಾತಿಗೆ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ ಕನ್ಸರ್ವೆನ್ಸಿ. ಒಳಚರಂಡಿ ಬರುವ ಮೊದಲು ಹಿತ್ತಿಲ ಕಕ್ಕಸಿನ ಮಲ ಹೊತ್ತೊಯ್ಯಲು ಮನೆಗಳ ಬೆನ್ನಿಗೆ ಬಿಟ್ಟ ಗಲ್ಲಿಗಳವು, ಅವು ಸಾರ್ವಜನಿಕ ಜಾಗ. ನಮ್ಮ ಬಂಧುವೊಬ್ಬರು ಕೊಂಡ ಮನೆಯಲ್ಲಿ ಬಚ್ಚಲು ಎರಡು ಅಡಿ ಗಲ್ಲಿಗೆ ಚಾಚಿಕೊಂಡಿತ್ತು; ಅಳೆದಾಗ ಪತ್ರದಲ್ಲಿ 60 ಅಡಿ, ನೆಲದ ಮೇಲೆ 62 ಅಡಿ ಬಂದಿತು. ಹೆಚ್ಚು ಬಂದಿತೆಂದು ಅವರು ಸಂತೋಷಪಟ್ಟರು. ಬಚ್ಚಲನ್ನು ಒಡೆಸಬೇಕಾಗಿ ಬಂದಾಗ ಆ ಸಂತೋಷ ಉಳಿಯಲಿಲ್ಲ.

ಉತ್ತರ: ರಿಂಗ್ ರಸ್ತೆಯಾಚೆ

ನಾನು ಐದು ವರ್ಷಗಳಿಂದ ನೀವು ಹೇಳುತ್ತಿರುವ ಭಾಗದಲ್ಲಿಯೇ, ಬಹುಶಃ ನಿಮ್ಮ ಬಡಾವಣೆಗೆ ಎರಡು ರಸ್ತೆ ಆಚೆ ವಾಸವಾಗಿದ್ದೇನೆ. ಗಾಳಿ ಬೆಳಕಿಗೆ, ನಿಶ್ಶಬ್ದಕ್ಕೆ ನನ್ನ ತಕರಾರಿಲ್ಲ. ನಿಮ್ಮಿಬ್ಬರ ಕೆಲಸದ ದೃಷ್ಟಿಯಿಂದಲೂ ಇದು ಅನುಕೂಲದ ಜಾಗ. ಮಾನಸಗಂಗೋತ್ರಿ ಇದೇ ರಸ್ತೆಯಲ್ಲಿದೆ, ರಿಂಗ್ ರಸ್ತೆ ಹಿಡಿದರೆ ಹಿನಕಲ್ ದಾಟಿ ಹೆಬ್ಬಾಳು ತಲುಪಬಹುದು. ಊರೊಳಗಿನ ಸಿಗ್ನಲ್ಲುಗಳ ಗೋಜಿಲ್ಲ.

ಆದರೆ ಇಲ್ಲಿ ಮನೆ ಕೊಳ್ಳುವವನು ಇನ್ನೂ ಬರದ ಸೌಲಭ್ಯಗಳ ಬೆಲೆಯನ್ನು ಈಗಲೇ ಕೊಡುತ್ತಿರುತ್ತಾನೆ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳೂ ಹೂಟಗಳ್ಳಿ ನಗರಸಭೆಯೂ ಹುಟ್ಟಿಕೊಂಡದ್ದು 2020ರಲ್ಲಿ. ಅಂಚೆ ವಿಳಾಸದಲ್ಲಿ ಮೈಸೂರು ಎಂದಿದ್ದರೂ ನಾವು ಕಂದಾಯ ಕಟ್ಟುವುದು ಮಹಾನಗರ ಪಾಲಿಕೆಗಲ್ಲ. ಇವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಎದ್ದಾಗಲೆಲ್ಲ ನಮ್ಮ ಕಡೆ ನಿವೇಶನದ ಬೆಲೆ ಏರುತ್ತದೆ, ಚರಂಡಿ ಮಾತ್ರ ಇದ್ದಲ್ಲಿಯೇ ಇರುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಗ್ರಹಾರದಂತಹ ಹಳೆಯ ಭಾಗಕ್ಕೆ ನದಿ ನೀರು ನಲ್ಲಿಯಲ್ಲಿ ಬರುವುದು ಎಷ್ಟು ಹಳೆಯ ರೂಢಿಯೆಂದರೆ ಅಲ್ಲಿಯವರು ಅದನ್ನು ಸೌಲಭ್ಯವೆಂದೇ ಎಣಿಸುವುದಿಲ್ಲ. ಕಾವೇರಿಯ ಹೊಂಗಳ್ಳಿ, ಬೆಳಗೊಳ, ಮೇಳಾಪುರ ಸ್ಥಾವರಗಳ ಜೊತೆಗೆ ಕಬಿನಿಯ ನೀರೂ ನಗರಕ್ಕೆ ಬರುತ್ತದೆ. ನಮ್ಮ ಬಡಾವಣೆಯಲ್ಲಿ ನದಿ ನೀರು ವಾರಕ್ಕೆ ಎರಡು ದಿನ, ಉಳಿದ ದಿನ ಬೋರ್‌ವೆಲ್. ಕಳೆದ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಏಳು ವಾರ ಟ್ಯಾಂಕರ್ ತರಿಸಿದೆವು. ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆಯ ಕಾವೇರಿ ನೀರು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಮನೆ ಕೊಂಡಾಗಲೇ ಬಡಾವಣೆಯವರು ಹೇಳಿದ್ದರು, ಈಗ ಹೊಸ ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದಾರೆ. ನೀವು ಮನೆ ನೋಡಲು ಹೋದದ್ದು ಭಾನುವಾರ ಬೆಳಿಗ್ಗೆಯಾದರೆ ಇನ್ನೊಮ್ಮೆ ವಾರದ ನಡುವೆ ರಾತ್ರಿ ಎಂಟು ಗಂಟೆಗೆ ಹೋಗಿ, ನಲ್ಲಿ ತಿರುಗಿಸಿ, ಬೀದಿದೀಪ ಎಣಿಸಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಅಲ್ಲಿಯ ಅಂಗಡಿಯವರನ್ನು ಕೇಳಿ.

ಕಾಗದಗಳಲ್ಲಿ ನೋಡಬೇಕಾದ್ದು ಬೇರೆ. ಜಮೀನು ಅನ್ಯಕ್ರಾಂತವಾಗಿದೆಯೇ, ಅಂದರೆ ಕೃಷಿಯಿಂದ ವಾಸದ ಬಳಕೆಗೆ ಬದಲಾಗಿದೆಯೇ, ಬಡಾವಣೆಯ ನಕ್ಷೆಗೆ ಮೈಸೂರು ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಹಿಂದಿನ ಮುಡಾ ಈಗಿನ ಎಂಡಿಎಯ ಅನುಮೋದನೆ ಇದೆಯೇ, ನಿಮ್ಮ ಸಂಖ್ಯೆಯ ನಿವೇಶನ ಬಿಡುಗಡೆಯಾಗಿದೆಯೇ ಎಂದು ನೋಡಿ. ಕಾಮಗಾರಿ ಮುಗಿದಂತೆ ನಿವೇಶನಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವುದರಿಂದ ಒಂದೇ ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ನಿವೇಶನಗಳ ಸ್ಥಿತಿ ಬೇರೆಬೇರೆಯಾಗಿರಬಹುದು. ಬಡಾವಣೆ 2017ರ ನಂತರದ್ದಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ರೇರಾದ ನೋಂದಣಿ ಸಂಖ್ಯೆ ಕೇಳಿ. ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆಯಾದ ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗದು, ಆದರೆ ಅದು ‘ಎ’ಯೋ ‘ಬಿ’ಯೋ ಎಂಬುದನ್ನು ನೋಡಿಕೊಳ್ಳಿ. ಬಿ ಖಾತಾ ಇದ್ದರೆ ಕಂದಾಯ ಕಟ್ಟಬಹುದು, ಅಷ್ಟರಿಂದ ಬಡಾವಣೆ ಸಕ್ರಮವಾಯಿತು ಎಂದಾಗುವುದಿಲ್ಲ.

ಮರುಮಾರಾಟದ ಬಗ್ಗೆ ಕೇಳಿದ್ದೀರಿ. ನಮ್ಮ ರಸ್ತೆಯಲ್ಲಿ ಒಂದೇ ನಕ್ಷೆಯ, ಒಂದೇ ಬಣ್ಣದ ಎಂಟು ಮನೆಗಳಿವೆ, ಅವುಗಳಲ್ಲಿ ಮೂರರ ಮುಂದೆ ಮಾರಾಟದ ಫಲಕ ನೇತಾಡುತ್ತಿದೆ. ನೀವು ಮಾರಲು ಹೊರಟ ದಿನ ನಿಮ್ಮ ಎದುರು ನಿಲ್ಲುವುದು ಪಕ್ಕದ ಖಾಲಿ ನಿವೇಶನದಲ್ಲಿ ಆಗತಾನೆ ಎದ್ದ ಹೊಸ ಮನೆ. ‘ಇನ್ಫೋಸಿಸ್ ಇದೆ, ಬಾಡಿಗೆಗೆ ಜನ ಸಾಲುಗಟ್ಟುತ್ತಾರೆ’ ಎಂಬ ಮಾತನ್ನೂ ಅಷ್ಟಾಗಿ ನಂಬಬೇಡಿ. ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಆವರಣದೊಳಗೇ ವಸತಿ ಇದೆ.

ಉತ್ತರ: ಜಗುಲಿ ಮಾರಿದವ

ನಾವು ನಮ್ಮ ತಾತನ ಕಾಲದ ಅಗ್ರಹಾರದ ಮನೆಯನ್ನು ಮಾರಿ ಮೂರು ವರ್ಷವಾಯಿತು. ಮಾರಾಟಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳು. ಅಲ್ಲಿ ಫಲಕ ಹಾಕುವ ಪದ್ಧತಿ ಕಡಿಮೆ. ದೇವಸ್ಥಾನದಲ್ಲಿ, ಕಾಫಿಪುಡಿ ಅಂಗಡಿಯಲ್ಲಿ ಮಾತು ಹರಡಬೇಕು, ಕೊಳ್ಳುವವರು ಬಹುತೇಕ ಅದೇ ಬೀದಿಗಳ ಬಂಧುಬಳಗದವರು. ಬಂದವರೆಲ್ಲ ಮೊದಲು ಕೇಳಿದ್ದು ಕಾರು ಎಲ್ಲಿ ನಿಲ್ಲಿಸುವುದು ಎಂದು. ಕೊನೆಗೆ ಹೆಚ್ಚು ಬೆಲೆ ಹೇಳಿದವರು ಇಬ್ಬರು: ಒಬ್ಬರಿಗೆ ಪಿಜಿ ನಡೆಸಬೇಕಿತ್ತು, ಇನ್ನೊಬ್ಬರಿಗೆ ಅಂಗಡಿಯ ಸರಕು ತುಂಬಿಡಲು ಗೋದಾಮು ಬೇಕಿತ್ತು. ವಾಸಕ್ಕೆಂದು ಕೇಳಿದ ಕುಟುಂಬ ನಮ್ಮ ಪಾಲಿಗೆ ಮೂರನೆಯದಾಯಿತು. ಅಪ್ಪ ಬದುಕಿದ್ದರೆ ಅವರಿಗೇ ಕೊಡುತ್ತಿದ್ದರು, ನಾವು ಕೊಡಲಿಲ್ಲ.

ಆದ್ದರಿಂದ ಅಗ್ರಹಾರದ ಮನೆ ಮಾರಾಟವಾಗುವುದಿಲ್ಲ ಎಂದಲ್ಲ, ನಿಮಗೆ ಬೇಕಾದ ತಿಂಗಳಲ್ಲಿ ಆಗುವುದಿಲ್ಲ. ಮಗಳ ಓದಿಗೆಂದು ಜೂನ್ ಒಳಗೆ ಹಣ ಬೇಕಾದರೆ ಬೋಗಾದಿಯ ಮನೆಯನ್ನು ಐದಾರು ಲಕ್ಷ ಇಳಿಸಿ ಕೊಟ್ಟು ಕೈತೊಳೆದುಕೊಳ್ಳಬಹುದು. ಅಗ್ರಹಾರದಲ್ಲಿ ಬೆಲೆ ಇಳಿಸಿದರೂ ‘ಮನೆಯಲ್ಲಿ ಏನೋ ದೋಷವಿರಬೇಕು’ ಎಂದು ಬಂದವರೂ ಹಿಂದೆ ಸರಿಯುತ್ತಾರೆ.

ಮರು ಪ್ರಶ್ನೆ: ಸರಸ್ವತಿಪುರಂ ಬಾಡಿಗೆದಾರ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಏಣಿ ಮತ್ತು ಟೇಪು ಹಿಡಿದು ಅಗ್ರಹಾರದ ಮನೆಗೆ ಹೋಗಿದ್ದೆ. ಆರು ತೊಲೆಗಳಲ್ಲಿ ನಾಲ್ಕು ಟಣ್ ಎಂದವು. ಅಡುಗೆಮನೆಯ ಕಡೆಯ ಎರಡರ ತುದಿಗೆ ಬೀಗದಕೈ ಅರ್ಧ ಇಂಚು ಇಳಿಯಿತು, ಅವುಗಳ ನೇರ ಮೇಲೆಯೇ ಕಪ್ಪು ಟ್ಯಾಂಕು ಕುಳಿತಿದೆ. ಹಿತ್ತಿಲು ಪತ್ರದಲ್ಲಿರುವಷ್ಟೇ ಇದೆ, ಒತ್ತುವರಿ ಇಲ್ಲ. ಬೋಗಾದಿಗೆ ಬುಧವಾರ ರಾತ್ರಿ ಹೋದಾಗ ನಲ್ಲಿಯಲ್ಲಿ ನೀರಿರಲಿಲ್ಲ. ಕಾವಲುಗಾರ ‘ನಾಳೆ ಬರುತ್ತೆ ಸಾರ್’ ಎಂದ.

ನಮ್ಮ ಲೆಕ್ಕ ಈಗ ಹೀಗಿದೆ: ಅಗ್ರಹಾರದ ಮನೆಗೆ 68 ಲಕ್ಷ ಸಾಲ ಸಿಕ್ಕರೂ ನೋಂದಣಿ ಸೇರಿ 39.6 ಲಕ್ಷವನ್ನು ಕೈಯಿಂದ ಹಾಕಬೇಕು, ತೊಲೆ ಮತ್ತು ತಾರಸಿಯ ದುರಸ್ತಿ ಬೇರೆ. ಇದೆಲ್ಲ ನಮ್ಮ ಶಕ್ತಿಯ ತುತ್ತತುದಿ. ಬೆಲೆಯಲ್ಲಿ ಎಂಟು ಲಕ್ಷ ಇಳಿಸಿದರೆ ಮುಂದುವರಿಯುತ್ತೇವೆ ಎಂದು ಅಣ್ಣತಮ್ಮಂದಿರಿಗೆ ತಿಳಿಸಿದ್ದೇನೆ. ದುರಸ್ತಿಯ ಅಂದಾಜನ್ನು ಬರಹದಲ್ಲಿ ಕೊಡುವವರು ಇದ್ದರೆ ಸುಣ್ಣಗಾರೆಯವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಸುಣ್ಣಗಾರೆ

ಮೊದಲು ಆ ಟ್ಯಾಂಕನ್ನು ಖಾಲಿ ಮಾಡಿಸಿ, ಮಾತುಕತೆ ಆಮೇಲೆ. ಎರಡು ತೊಲೆಯ ತುದಿ ಮಾತ್ರ ಹೋಗಿದ್ದರೆ ಇಡೀ ತಾರಸಿ ಬಿಚ್ಚಬೇಕಾಗಿಲ್ಲ. ಕೆಳಗಿನಿಂದ ಊರೆ ಕೊಟ್ಟು ತುದಿಯಷ್ಟನ್ನೇ ಕತ್ತರಿಸಿ ಬದಲಿಸಬಹುದು. ಅಂದಾಜು ಕೇಳುವಾಗ ಸುಣ್ಣದ ಗಾರೆಯಲ್ಲಿಯೇ ಮಾಡುವುದೆಂದು ಬರೆಸಿಕೊಳ್ಳಿ, ಸಿಮೆಂಟಿನ ಅಂದಾಜು ಅಗ್ಗವಾಗಿ ಕಾಣುತ್ತದೆ.

ಮರು ಉತ್ತರ: ಸರಸ್ವತಿಪುರಂ ಬಾಡಿಗೆದಾರ

ಟ್ಯಾಂಕು ಇಂದು ಬೆಳಿಗ್ಗೆ ಖಾಲಿಯಾಯಿತು. ಇಬ್ಬರು ಹೆಣ್ಣುಮಕ್ಕಳು ಸಹಿಗೆ ಒಪ್ಪಿದ್ದಾರೆ. ಶಿವಮೊಗ್ಗದಲ್ಲಿರುವ ಮೂರನೆಯವರು ಗೌರಿ ಹಬ್ಬಕ್ಕೆ ಬರುತ್ತಾರಂತೆ. ಅವರ ಜೊತೆ ಮಾತನಾಡುವವರೆಗೆ ಮುಂಗಡದ ಚೆಕ್ಕು ಅಮ್ಮನ ಬೀರುವಿನಲ್ಲಿಯೇ ಇರುತ್ತದೆ.